ಅಂಕವಿಲ್ಲದ ಪುಟ

(ಬಳಗದ ಮಳೆಗಾಲದ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ಇಂದಿನ ಸಭೆಯಲ್ಲಿ ಅಡಿಕೆಯ ಎಲೆಚುಕ್ಕಿ ರೋಗದ ಕುರಿತು ಮಾತನಾಡಬೇಕೆಂದು ಸಂಚಾಲಕರು ಕೇಳಿಕೊಂಡಿದ್ದರು. 2022ರಿಂದ ಈಚೆಗೆ ಆ ವಿಷಯವಾಗಿ ನಾನು ಎಷ್ಟು ಬಾರಿ ಮಾತನಾಡಿದ್ದೇನೆಂದರೆ, ನನ್ನ ಭಾಷಣವನ್ನು ನಿಮ್ಮಲ್ಲಿ ಕೆಲವರು ನನಗಿಂತ ಚೆನ್ನಾಗಿ ಒಪ್ಪಿಸಬಲ್ಲಿರಿ. ಆದ್ದರಿಂದ ಅವರ ಅನುಮತಿ ಪಡೆದು ಬೇರೊಂದು ಸಂಗತಿಯನ್ನು ಎತ್ತಿಕೊಂಡಿದ್ದೇನೆ. ಚಿತ್ರ ಬಿಡಿಸಲು ಬಾರದವರು ಚಿತ್ರ ಬಿಡಿಸುವ ಸಂಗತಿ ಅದು. ಎಲೆಚುಕ್ಕಿ ನಡುವೆ ಬಂದೇ ಬರುತ್ತದೆ. ಅದನ್ನು ಹೊರಗಿಡುವುದು ತೋಟದಲ್ಲಿ ಹೇಗೋ ಭಾಷಣದಲ್ಲಿಯೂ ಹಾಗೆಯೇ ಕಷ್ಟ.

ಮೊದಲು ಒಂದು ತಪ್ಪೊಪ್ಪಿಗೆ. 2022ರ ಪರಿಸರ ದಿನದಂದು ನಾವು ನಡೆಸಿದ ಮಕ್ಕಳ ಚಿತ್ರಸ್ಪರ್ಧೆಗೆ ನಾನು ತೀರ್ಪುಗಾರನಾಗಿದ್ದೆ. ಬಂದ ಹಾಳೆಗಳಲ್ಲಿ ಬಹುಪಾಲು ಒಂದೇ ಬಗೆ: ಎರಡು ತ್ರಿಕೋನ ಗುಡ್ಡ, ಅವುಗಳ ನಡುವೆ ಸೂರ್ಯ, ಇಳಿದು ಬರುವ ಹೊಳೆ, ದಡದಲ್ಲಿ ಒಂದು ತೆಂಗಿನ ಮರ. ಮಲೆನಾಡಿನ ಯಾವ ಮಗುವೂ ತನ್ನ ಮನೆಯಂಗಳದಿಂದ ಅಂಥ ಗುಡ್ಡವನ್ನು ಕಂಡಿರಲಾರದು. ಆರನೆಯ ತರಗತಿಯ ಹುಡುಗಿಯೊಬ್ಬಳು ಮಾತ್ರ ತನ್ನ ಮನೆಯ ಅಡಿಕೆ ತೋಟವನ್ನು ಬಿಡಿಸಿದ್ದಳು. ಮರಗಳು ಸೊಟ್ಟಗಿದ್ದವು, ಸೋಗೆಗಳು ಜೋತುಬಿದ್ದಿದ್ದವು. ಹಸಿರಿನ ಮೇಲೆ ಕಂದು ಬಣ್ಣದ ಚುಕ್ಕಿಗಳನ್ನು ಒತ್ತಿ ಒತ್ತಿ ಇಟ್ಟು ಒಂದೆರಡು ಕಡೆ ಕಾಗದವೇ ಹರಿದಿತ್ತು. ನಾನು ಮೂಲೆಯಲ್ಲಿ ‘ಅಚ್ಚುಕಟ್ಟಿಲ್ಲ’ ಎಂದು ಪೆನ್ಸಿಲಿನಲ್ಲಿ ಬರೆದು ಬದಿಗಿಟ್ಟೆ. ಮೂರು ಬಹುಮಾನಗಳೂ ಗುಡ್ಡ ಸೂರ್ಯರ ಪಾಲಾದವು.

ಎರಡು ತಿಂಗಳ ಬಳಿಕ ಒಂದು ತೋಟದಿಂದ ಕರೆ ಬಂತು. ಹೋಗಿ ಮೇಲೆ ನೋಡಿದರೆ ಎಲೆಚುಕ್ಕಿ. ಆ ಹುಡುಗಿಯ ಹಾಳೆ ನನ್ನ ಕಣ್ಣಮುಂದೆ ಬಂದದ್ದು ಆಗ. ಅದು ಅವಳದೇ ಮನೆ. ಸಸ್ಯರೋಗಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದವನ ಕೈಗೆ ಹನ್ನೊಂದು ವರ್ಷದ ಮಗು ರೋಗಲಕ್ಷಣವನ್ನು ಬರೆದು ಕೊಟ್ಟಿದ್ದಳು. ಆತ ಅದರ ಅಚ್ಚುಕಟ್ಟನ್ನು ಅಳೆಯುತ್ತ ಕುಳಿತಿದ್ದ. ಅವಳು ಅಂಗಳದಲ್ಲಿಯೇ ನಿಂತಿದ್ದಳು. ಈಗಲೂ ಚಿತ್ರ ಬಿಡಿಸುತ್ತೀಯಾ ಎಂದು ಕೇಳಿದೆ. “ಇಲ್ಲ ಸರ್, ನಂಗೆ ಚಿತ್ರ ಬರೂದಿಲ್ಲ” ಎಂದಳು.

ಜೂನಿನಲ್ಲಿ ಬರುತ್ತಿದ್ದದ್ದು ಆಗಸ್ಟಿನಲ್ಲಿ ಬಾರದೆ ಹೋದದ್ದು ಹೇಗೆ? ನಮ್ಮ ಭಾಷೆಯಲ್ಲಿ ಹಾಡು ‘ಬರುತ್ತದೆ’ ಅಥವಾ ‘ಬರುವುದಿಲ್ಲ’, ಚಿತ್ರವೂ ಹಾಗೆಯೇ. ತಾನಾಗಿ ಬರುವ ಅತಿಥಿಯೆಂಬಂತೆ ನಾವು ಮಾತನಾಡುತ್ತೇವೆ. ಆದರೆ ಅಂದು ಆ ಅತಿಥಿಯನ್ನು ಬಾಗಿಲಿನಿಂದ ಕಳುಹಿಸಿದವನು ನಾನು. ನನ್ನ ಹೈಸ್ಕೂಲಿನ ದಿನಗಳಲ್ಲಿ ನನ್ನ ಪಾಲಿಗೆ ಬೇರೊಬ್ಬರು ಅದನ್ನೇ ಮಾಡಿದ್ದರು. ಆ ಕಥೆ ನಿಮ್ಮಲ್ಲಿ ಬಹುತೇಕರದೂ ಆಗಿರುವುದರಿಂದ ವಿಸ್ತರಿಸುವುದಿಲ್ಲ. ಆಮೇಲೆ ನಾನು ಬಿಡಿಸಿದ್ದೆಲ್ಲ ಕಾಲೇಜಿನ ರೆಕಾರ್ಡ್ ಪುಸ್ತಕಕ್ಕೆ, ಅದೂ ಅಂಕಕ್ಕಾಗಿ. ಇಂದು ಅಂಕ ಕೊಡುವುದೇ ನನ್ನ ವೃತ್ತಿ. ತೋಟಕ್ಕೆ ಹೋದರೆ ಒಂದೊಂದು ಸೋಗೆಗೂ ರೋಗದ ತೀವ್ರತೆಯನ್ನು ನೋಡಿ ಸೊನ್ನೆಯಿಂದ ಐದರವರೆಗೆ ಅಂಕ ಹಾಕುತ್ತೇನೆ. ಅದು ಅಗತ್ಯದ ಕೆಲಸ. ಆದರೆ ಸಂಜೆ ಮನೆಗೆ ಬಂದ ಮೇಲೂ ಆ ಅಳತೆಗೋಲು ಕೈಯಿಂದ ಇಳಿಯುವುದಿಲ್ಲ.

2024ರ ಜುಲೈ ತಿಂಗಳ ಮಳೆ ನಿಮಗೆಲ್ಲ ನೆನಪಿದೆ. ನಮ್ಮ ಊರಿಗೆ ದಿನಗಟ್ಟಲೆ ವಿದ್ಯುತ್ತಿರಲಿಲ್ಲ, ಮೊಬೈಲಿನ ಗೋಪುರವೂ ಮಲಗಿತ್ತು. ಒಂದು ರಾತ್ರಿ ಮಾಡಲೇನೂ ತೋಚದೆ, ಕ್ಷೇತ್ರಪುಸ್ತಕದ ಹಿಂಬದಿಯಲ್ಲಿ, ದೀಪದ ಬೆಳಕಿನಲ್ಲಿ ಕಾಳುಮೆಣಸಿನ ಬಳ್ಳಿಯೊಂದನ್ನು ನೆನಪಿನಿಂದ ಬಿಡಿಸಿದೆ. ಬೆಳಿಗ್ಗೆ ಅಂಗಳದ ಬಳ್ಳಿಯ ಪಕ್ಕದಲ್ಲಿ ಹಿಡಿದು ನೋಡಿದೆ. ಎಲೆ ಪರವಾಗಿರಲಿಲ್ಲ. ಆದರೆ ಕರೆಯನ್ನು ನಾನು ಎಲೆಯ ಕಂಕುಳಿನಿಂದ ಇಳಿಬಿಟ್ಟಿದ್ದೆ. ಬಹುತೇಕ ಗಿಡಗಳಲ್ಲಿ ಮೊಗ್ಗು, ಕವಲುಗಳು ಹೊರಡುವುದು ಅಲ್ಲಿಂದಲೇ. ಕಾಳುಮೆಣಸು ಹಾಗಲ್ಲ, ಗಂಟಿನ ಒಂದು ಪಕ್ಕದಲ್ಲಿ ಎಲೆಯಿದ್ದರೆ ಕರೆ ಅದರ ಎದುರು ಪಕ್ಕದಿಂದ ಇಳಿಯುತ್ತದೆ. ಇದನ್ನು ಪರೀಕ್ಷೆಯಲ್ಲಿ ಬರೆದು ಅಂಕ ಪಡೆದವನು ನಾನು, ವಿದ್ಯಾರ್ಥಿಗಳಿಗೆ ಹೇಳಿಕೊಟ್ಟವನೂ ನಾನು. ಮಾತಿನಲ್ಲಿ ತಿಳಿದಿದ್ದದ್ದು ಕೈಗೆ ತಿಳಿದಿರಲಿಲ್ಲ. ನಾಚಿಕೆಯಾಗಬೇಕಿತ್ತು, ಅಚ್ಚರಿಯೆಂದರೆ ನಗು ಬಂತು. ಆ ಪುಟಕ್ಕೆ ಅಂಕ ಹಾಕುವವರು ಯಾರೂ ಇರಲಿಲ್ಲವಲ್ಲ.

ಅಂದಿನಿಂದ ಬಿಡಿಸುತ್ತಿದ್ದೇನೆ. ಅಡಿಕೆಯ ಸೋಗೆಯ ತುದಿಯಲ್ಲಿ ಎಲೆಗಳು ಒಂದಕ್ಕೊಂದು ಕೂಡಿಕೊಂಡಿರುವುದನ್ನೂ, ಅವುಗಳ ಅಂಚು ಯಾರೋ ಹಲ್ಲಿನಿಂದ ಕಚ್ಚಿದಂತೆ ಇರುವುದನ್ನೂ ಬಿಡಿಸಲು ಹೋಗಿ ಸೋತಿದ್ದೇನೆ. ಸಿಂಗಾರವನ್ನಂತೂ ಕೇಳಬೇಡಿ. ಬುಡದಲ್ಲಿ ಕೆಲವೇ ದಪ್ಪ ಹೆಣ್ಣುಹೂಗಳು, ಎಳೆಗಳುದ್ದಕ್ಕೂ ಲೆಕ್ಕವಿಲ್ಲದಷ್ಟು ಪುಟ್ಟ ಗಂಡುಹೂಗಳು. ನನ್ನ ಸಿಂಗಾರ ಸವೆದ ಪೊರಕೆಯಂತೆ ಬಂದಿದೆ. ಮನೆಯವರು ಅದನ್ನು ಪೊರಕೆ ಎಂದೇ ಕರೆಯುತ್ತಾರೆ.

ಇಲ್ಲಿ ವಿಜ್ಞಾನಿಯಾಗಿ ಒಂದು ಸಮರ್ಥನೆ ನನ್ನ ನಾಲಿಗೆಯ ತುದಿಗೆ ಬರುತ್ತದೆ. 1831ರಿಂದ 1836ರವರೆಗೆ ಬೀಗಲ್ ಹಡಗಿನಲ್ಲಿ ಜಗತ್ತು ಸುತ್ತಿದ ಚಾರ್ಲ್ಸ್ ಡಾರ್ವಿನ್, ತನಗೆ ಚಿತ್ರ ಬರೆಯಲು ಬಾರದೆ ಹೋದದ್ದರಿಂದ, ಅಂಗರಚನೆಯ ತಿಳಿವಳಿಕೆಯೂ ಸಾಲದೆ ಹೋದದ್ದರಿಂದ, ಆ ಯಾನದಲ್ಲಿ ಬರೆದ ರಾಶಿ ಟಿಪ್ಪಣಿಗಳು ಬಹುಮಟ್ಟಿಗೆ ನಿರುಪಯುಕ್ತವಾದವೆಂದು ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾನೆ. ಆದ್ದರಿಂದ ಚಿತ್ರ ಬಿಡಿಸಿರಿ, ಕಣ್ಣು ಹರಿತವಾಗುತ್ತದೆ ಎಂದು ನಿಮಗೆ ಹೇಳಬಹುದು. ಹೇಳಿದ ಕ್ಷಣವೇ ಎಷ್ಟು ಹರಿತವಾಯಿತು ಎಂಬ ಪ್ರಶ್ನೆ ಏಳುತ್ತದೆ, ಅಳತೆಗೋಲು ಮರಳಿ ಬರುತ್ತದೆ. ಕಣ್ಣು ಹರಿತವಾದರೆ ಆಗಲಿ. ಅದಕ್ಕಾಗಿಯೇ ಬಿಡಿಸುವುದು ಬೇಡ.

ರವೀಂದ್ರನಾಥ ಠಾಕೂರರ ಉದಾಹರಣೆಯನ್ನೂ ಕೆಲವರು ಕೊಡುತ್ತಾರೆ. ಹಸ್ತಪ್ರತಿಯಲ್ಲಿ ಹೊಡೆದುಹಾಕಿದ ಪದಗಳ ಗೀಟುಗಳನ್ನು ಒಂದಕ್ಕೊಂದು ಕೂಡಿಸುತ್ತ, ಅರವತ್ತು ದಾಟಿದ ಮೇಲೆ ಅವರು ಚಿತ್ರಕಾರರಾದರು ಎಂಬುದು ನಿಜ. ಆದರೆ ಕಥೆ 1930ರ ಪ್ಯಾರಿಸ್ ಪ್ರದರ್ಶನದಲ್ಲಿ ಮುಗಿಯುವುದರಿಂದ ನಮ್ಮಂಥವರಿಗೆ ಅದು ನೆರವಾಗುವುದು ಅಷ್ಟಕ್ಕಷ್ಟೆ. ಪೊರಕೆ ಬಿಡಿಸಿದವನು ಪೊರಕೆ ಬಿಡಿಸುತ್ತಲೇ ಮುಪ್ಪಾದ ಕಥೆಯನ್ನು ಯಾರೂ ಬರೆದಿಡುವುದಿಲ್ಲ.

ನನಗೆ ನೆರವಾದದ್ದು ಸಾಗರ ಸೀಮೆಯ ಒಂದು ದೀವರ ಮನೆ. ಆ ವರ್ಷದ ಭೂಮಿ ಹುಣ್ಣಿಮೆಗೆ ಕೆಲವು ದಿನ ಮುಂಚೆ ಮಣ್ಣಿನ ಮಾದರಿ ತರಲು ಅಲ್ಲಿಗೆ ಹೋಗಿದ್ದೆ. ಜಗಲಿಯಲ್ಲಿ ಬಿದಿರ ಬುಟ್ಟಿಗೆ ಕೆಮ್ಮಣ್ಣು ಬಳಿದು ಒಣಗಿಸಿದ್ದರು. ನೆನೆಸಿ ಅರೆದ ಅಕ್ಕಿಯ ಬಿಳಿಯಲ್ಲಿ ಪುಂಡಿ ನಾರಿನ ಕುಂಚವನ್ನು ಅದ್ದಿ, ಅಜ್ಜಿ, ಮಗಳು, ಹೊಸದಾಗಿ ಬಂದ ಸೊಸೆ ಮೂವರೂ ಗೆರೆ ಎಳೆಯುತ್ತಿದ್ದರು. ಹುಣ್ಣಿಮೆಯಂದು ನಸುಕಿನಲ್ಲಿ ಆ ಬುಟ್ಟಿಯಲ್ಲಿ ಎಡೆ ತುಂಬಿ ಗದ್ದೆಗೆ ಒಯ್ದು, ತೆನೆಯೊಡೆಯುವ ಭತ್ತಕ್ಕೆ ಬಸುರಿಯ ಬಯಕೆ ತೀರಿಸುವಂತೆ ಉಣಿಸುವುದು ಪದ್ಧತಿ. ಅದೇ ಕೈಗಳು ಮದುವೆಯ ಗೋಡೆಯ ಮೇಲೆ ಹಸೆ ಚಿತ್ತಾರ ಬರೆಯುತ್ತವೆ. ಸೊಸೆಯ ಕೈ ನಡುಗಿ ಗೆರೆಯೊಂದು ಓರೆಯಾಯಿತು. ಅಜ್ಜಿ ಅದನ್ನು ಒರೆಸಲಿಲ್ಲ, ತಿದ್ದಲೂ ಇಲ್ಲ. ತನ್ನ ಮುಂದಿನ ಗೆರೆಯನ್ನು ಆ ಓರೆಯ ಪಕ್ಕದಿಂದಲೇ ಎಳೆದರು. ಚೆನ್ನಾಗಿ ಬರೆಯಲು ಬಾರದವರು ಏನು ಮಾಡುತ್ತಾರಜ್ಜಿ ಎಂದು ಕೇಳಿದೆ. ಅವರಿಗೆ ಪ್ರಶ್ನೆಯೇ ತಿಳಿಯಲಿಲ್ಲ. ಮತ್ತೆ ಬಿಡಿಸಿ ಕೇಳಿದ ಮೇಲೆ, “ಬುಟ್ಟಿ ಚಂದಾಗ್ಲಿಲ್ಲ ಅಂತ ಬೂಮ್ತಾಯಿ ಉಣ್ಣದೇ ಹೋಗ್ತಾಳೇನೋ ತಮ್ಮಾ?” ಎಂದರು.

ಇದನ್ನು ಭಾವುಕವಾಗಿ ಹೇಳುತ್ತಿಲ್ಲ. ಆ ಮನೆಯಲ್ಲಿಯೂ ಕೈ ಚುರುಕಾದವರು ಯಾರು, ಅಲ್ಲದವರು ಯಾರು ಎಂಬುದು ಎಲ್ಲರಿಗೂ ಗೊತ್ತು. ಮದುವೆಯ ಚಿತ್ತಾರಕ್ಕೆ ಬಲ್ಲ ಕೈಯನ್ನೇ ಕರೆಯುತ್ತಾರೆ. ಆದರೆ ಬುಟ್ಟಿಯಂತೂ ಗದ್ದೆಗೆ ಹೋಗಲೇಬೇಕು. ಆದ್ದರಿಂದ ‘ನನಗೆ ಬಾರದು’ ಎಂದು ಎದ್ದುಹೋಗಲು ಅಲ್ಲಿ ಎಡೆಯಿಲ್ಲ. ಚಿತ್ತಾರ ಈಗ ಕಾಗದಕ್ಕೂ ಬಟ್ಟೆಗೂ ಚೌಕಟ್ಟಿಗೂ ಬಂದಿದೆ, ಅದರಿಂದ ಕೆಲವು ಮನೆಗಳಿಗೆ ಹಣ ಬರುತ್ತಿದೆ. ಆ ಹಣವನ್ನು ಹಗುರವಾಗಿ ಕಾಣುವ ಹಕ್ಕು ಸಂಬಳದವನಾದ ನನಗಿಲ್ಲ. ಚೌಕಟ್ಟಿನ ಜೊತೆಗೆ ಕಲಾವಿದರು ಮತ್ತು ಕಲಾವಿದರಲ್ಲದವರು ಎಂಬ ಗೋಡೆಯೂ ಜಗಲಿಯೊಳಗೆ ಬಂದೀತೇ ಎಂಬ ಅಳುಕು ಮಾತ್ರ ಇದೆ.

ಈ ಅಳುಕಿಗೆ ಆಧಾರ ನನ್ನದೇ ಅನುಭವ. ಬಿಡಿಸತೊಡಗಿದ ಮೂರನೆಯ ತಿಂಗಳು ಶಿವಮೊಗ್ಗದಿಂದ ಬೆಲೆಬಾಳುವ ದಪ್ಪ ಕಾಗದದ ಪುಸ್ತಕ ತಂದೆ. ಆರು ವಾರ ಒಂದು ಗೆರೆಯನ್ನೂ ಎಳೆಯಲಾಗಲಿಲ್ಲ. ಅಷ್ಟು ಒಳ್ಳೆಯ ಕಾಗದವನ್ನು ಕೆಡಿಸುವುದು ಹೇಗೆ? ಅದನ್ನು ಮಗಳಿಗೆ ಕೊಟ್ಟು ಮತ್ತೆ ಕ್ಷೇತ್ರಪುಸ್ತಕದ ಹಿಂಬದಿಗೆ ಮರಳಿದೆ. ಈಗ ಪುಟದ ಮೇಲೆ ದಿನಾಂಕ ಬರೆಯುತ್ತೇನೆ, ಹರಿದು ಎಸೆಯುವುದಿಲ್ಲ. ವಾಟ್ಸ್ಆ್ಯಪ್‌ನಲ್ಲಿ ಯಾರಿಗೂ ಕಳಿಸುವುದಿಲ್ಲ. ಒಮ್ಮೆ ಕಳಿಸಿದ್ದೆ; ಹೊಗಳಿಕೆ ಬಂತು, ಮರುದಿನ ಕೈ ಓಡಲಿಲ್ಲ.

ಕೊನೆಗೆ ಎಲೆಚುಕ್ಕಿ. ರೋಗ ತಗುಲಿದ ಸೋಗೆಯನ್ನು ತೆಗೆದು ಸುಡಿರಿ, ಶಿಲೀಂಧ್ರನಾಶಕ ಸಿಂಪಡಿಸಿರಿ, ಪೊಟ್ಯಾಷ್ ಕೊಡಿರಿ ಎಂದು ನಿಮಗೆ ಹೇಳುತ್ತ ಬಂದಿದ್ದೇನೆ. ಮರ ಹತ್ತುವವರು ಸಿಕ್ಕದ ಮನೆಯಲ್ಲಿ, ಮಳೆ ಬಿಡದ ಊರಿನಲ್ಲಿ ಆ ಮಾತು ಎಷ್ಟು ದೂರ ಹೋಗುತ್ತದೆಂದು ನನಗೂ ಗೊತ್ತು. ಕಳೆದ ವರ್ಷದ ಒಂದು ಸಂಜೆ, ಮೂರು ಅಂಕ ಕೊಟ್ಟು ಬಂದಿದ್ದ ಎಲೆಯೊಂದನ್ನು ಮೇಜಿನ ಮೇಲಿಟ್ಟು ಬಿಡಿಸಿದೆ. ಕಂದು ಚುಕ್ಕಿ, ಸುತ್ತ ಹಳದಿ ಬಳೆ. ಹತ್ತಿರದ ಚುಕ್ಕಿಗಳು ಬೆಳೆದು ಕೂಡಿಕೊಂಡು ಒಣಗಿದ ಹರಹು. ಒಂದು ಗಂಟೆ ಹಿಡಿಯಿತು. ಸಮಾಧಾನ ದೊರೆಯಿತೆಂದು ಹೇಳಲಾರೆ. ಆದರೆ ಆ ಒಂದು ಗಂಟೆ ಆ ಎಲೆ ಮೂರು ಅಂಕದ ಎಲೆಯಾಗಿರಲಿಲ್ಲ; ಇಂಥವರ ತೋಟದ, ಇಂಥ ಮರದ ಎಲೆಯಾಗಿತ್ತು. ಕಂದು ಬಣ್ಣ ಒತ್ತುವಾಗ ನನ್ನ ಕಾಗದವೂ ಹರಿಯಿತು.

ಬರುವ ಜೂನ್ 5ಕ್ಕೆ ಸ್ಪರ್ಧೆ ಬೇಡವೆಂದು ಕಾರ್ಯಕಾರಿ ಸಮಿತಿಯ ಮುಂದೆ ಕೇಳಿದ್ದೇನೆ. ಬಹುಮಾನ ಬೇಡ, ತೀರ್ಪುಗಾರ ಬೇಡ; ಮಕ್ಕಳ ಜೊತೆಗೆ ನಾವೂ ನೆಲದ ಮೇಲೆ ಕುಳಿತು ಬಿಡಿಸೋಣ, ಹಾಳೆಯನ್ನು ಅವರವರೇ ಮನೆಗೆ ಒಯ್ಯಲಿ. ಬಹುಮಾನವಿಲ್ಲದಿದ್ದರೆ ತಂದೆತಾಯಿಯರು ಮಕ್ಕಳನ್ನು ಕಳುಹಿಸುವುದಿಲ್ಲವೆಂದು ಖಜಾಂಚಿಯವರು ಹೇಳುತ್ತಾರೆ. ಅವರ ಮಾತು ನಿಜವಿರಬಹುದು. ಹತ್ತೇ ಮಕ್ಕಳು ಬಂದರೆ ಹತ್ತೇ ಬರಲಿ.

2022ರ ಹಾಳೆಗಳ ಕಟ್ಟು ಬಳಗದ ಬೀರುವಿನಲ್ಲಿಯೇ ಇತ್ತು. ಹೋದ ವಾರ ಆ ತೋಟದ ಚಿತ್ರವನ್ನು ಹುಡುಕಿ ತೆಗೆದೆ. ಮೂಲೆಯಲ್ಲಿ ನನ್ನ ಪೆನ್ಸಿಲಿನ ಬರಹ ಹಾಗೆಯೇ ಇದೆ. ಅಳಿಸಿ ಕೊಡಬೇಕೋ, ಹಾಗೆಯೇ ಕೊಟ್ಟು ಕ್ಷಮೆ ಕೇಳಬೇಕೋ ತೀರ್ಮಾನಿಸಿಲ್ಲ. ಹುಡುಗಿ ಈಗ ಪ್ರೌಢಶಾಲೆಯಲ್ಲಿದ್ದಾಳೆ. ಭಾನುವಾರ ಅವಳ ಮನೆಗೆ ಹೋಗುವವನಿದ್ದೇನೆ.

ಹೊರಗೆ ಜಗಲಿಯಲ್ಲಿ ಹಳೆಯ ಹಾಳೆಗಳನ್ನೂ ಪೆನ್ಸಿಲುಗಳನ್ನೂ ಇಟ್ಟಿದ್ದೇನೆ. ಎದುರಿನ ಅಡಿಕೆ ಮರದ ಮೇಲೆ ಕಾಳುಮೆಣಸಿನ ಬಳ್ಳಿಯಿದೆ, ಕರೆ ಈಗಷ್ಟೇ ಇಳಿಯುತ್ತಿದೆ. ಕಷಾಯ ಬರುವವರೆಗೆ ಸಮಯವಿದೆ.