ಗಂಡೋ ಹೆಣ್ಣೋ ಎಂಬ ಅವಸರ

(ರಾಯಚೂರಿನಲ್ಲಿ ನಡೆದ ಮಾಸಿಕ ಶರಣ ಸಂಗಮದಲ್ಲಿ ಮಾಡಿದ ಉಪನ್ಯಾಸ)

ಇವತ್ತು ನನಗೆ ಕೊಟ್ಟಿರುವ ವಿಷಯ ‘ಶರಣರು ಕಂಡ ದೇಹ’. ತತ್ವ ಹೇಳಲು ನನಗಿಂತ ಬಲ್ಲವರು ಇಲ್ಲಿದ್ದಾರೆ. ನಾನು ಮಕ್ಕಳ ವೈದ್ಯೆ. ದೇವದುರ್ಗ, ಮಾನ್ವಿ ತಾಲೂಕುಗಳಲ್ಲಿ ಬಹಳ ವರ್ಷ ಕೆಲಸ ಮಾಡಿದವಳು. ಆ ಕಾಯಕದಲ್ಲಿ ಮತ್ತೆ ಮತ್ತೆ ಎದುರಾದ ಒಂದು ಪ್ರಶ್ನೆಯನ್ನೇ ನಿಮ್ಮ ಮುಂದೆ ಇಡುತ್ತೇನೆ. ಮಠದಲ್ಲಿ ಇದೆಂಥ ಮಾತು ಎಂದು ಕೆಲವರಿಗೆ ಮುಜುಗರ ಆಗಬಹುದು. ಆದರೆ ಮನೆಯಲ್ಲಿ ಮಾತಾಡಲಿಲ್ಲ, ಮಠದಲ್ಲಿ ಮಾತಾಡಲಿಲ್ಲ ಎಂದರೆ ಆ ಮಕ್ಕಳು ಎಲ್ಲಿಗೆ ಹೋಗಬೇಕು?

ಪ್ರಶ್ನೆ ಎರಡು ವಯಸ್ಸಿನಲ್ಲಿ ಬರುತ್ತದೆ. ಮೊದಲನೆಯದು ಕೂಸು ಹುಟ್ಟಿದ ದಿನ. ಅಜ್ಜಿ ನನ್ನನ್ನು ಬಾಗಿಲ ಮರೆಗೆ ಕರೆದು ಕೇಳುತ್ತಾಳೆ: “ಡಾಕ್ಟರಮ್ಮಾ, ಕೂಸು ಗಂಡೋ ಹೆಣ್ಣೋ ತಿಳೀವಲ್ದು. ಊರಾಗ ಏನಂತ ಹೇಳ್ಲಿ?” ಎರಡನೆಯದು ಹದಿಮೂರು ಹದಿನಾಲ್ಕರ ವಯಸ್ಸಿನಲ್ಲಿ. ಅಪ್ಪ ಮಗನ ರಟ್ಟೆ ಹಿಡಿದು ತಂದು ಕೂಡಿಸುತ್ತಾನೆ: “ಇವನು ಹೆಣ್ಣಿನಂಗ ಮಾಡ್ತಾನ್ರಿ. ಒಂದು ಸೂಜಿ ಮಾಡಿ ಸರಿ ಮಾಡಿಬಿಡ್ರಿ.”

ಇವೆರಡೂ ಬೇರೆ ಬೇರೆ. ಮೊದಲನೆಯದು ಮೈಯ ರಚನೆಗೆ ಸೇರಿದ್ದು; ಅಂಥವರನ್ನು ಅಂತರಲಿಂಗಿಗಳು ಎನ್ನುತ್ತಾರೆ. ಎರಡನೆಯದು ತಾನು ಯಾರು ಎಂಬ ಒಳಗಿನ ಅರಿವಿಗೆ ಸೇರಿದ್ದು. ಮೈ ಎಲ್ಲ ರೀತಿಯಿಂದಲೂ ಗಂಡಿನದೇ ಆಗಿದ್ದು ಮನಸ್ಸು ತನ್ನನ್ನು ಹೆಣ್ಣೆಂದು ಅರಿಯುವವರು ಇದ್ದಾರೆ. ಇದಕ್ಕೆ ತಿರುಗಿದ್ದೂ ಉಂಟು. ಎರಡಕ್ಕೂ ನಮ್ಮ ಜನ ಒಂದೇ ಬೈಗುಳ ಇಟ್ಟುಕೊಂಡಿದ್ದಾರೆ. ಎರಡರಲ್ಲೂ ದೊಡ್ಡವರು ಮಾಡುವುದು ಒಂದೇ ಕೆಲಸ, ಅವಸರ.

ಮೊದಲು ಕೂಸಿನ ಮಾತು. ಮೂತ್ರಪಿಂಡಗಳ ಮೇಲೆ ಟೊಪ್ಪಿಗೆಯಂತೆ ಅಡ್ರಿನಲ್ ಎಂಬ ಗ್ರಂಥಿಗಳಿವೆ. ಕೆಲವು ಕೂಸುಗಳಲ್ಲಿ ಅವು ಬೇಕಾದ ಹಾರ್ಮೋನು ಮಾಡದೆ ಗಂಡು ಹಾರ್ಮೋನನ್ನು ಅತಿಯಾಗಿ ಮಾಡುತ್ತವೆ. ಒಳಗೆ ಗರ್ಭಕೋಶ, ಅಂಡಾಶಯ ಸರಿಯಾಗಿರುವ ಹೆಣ್ಣು ಕೂಸು ಹೊರಗೆ ಗಂಡಿನಂತೆ ಕಾಣುತ್ತದೆ. ತಂದೆ ತಾಯಿ ಇಬ್ಬರೂ ಆ ದೋಷದ ಒಂದೊಂದು ಅಂಶವನ್ನು ಹೊತ್ತಿದ್ದರೆ ಪ್ರತಿ ಬಸಿರಿನಲ್ಲೂ ನಾಲ್ಕರಲ್ಲಿ ಒಂದು ಪಾಲು ಸಂಭವ. ಸೋದರಮಾವನಿಗೆ, ಅತ್ತೆಯ ಮಗನಿಗೆ ಹೆಣ್ಣು ಕೊಡುವ ನಮ್ಮ ಸೀಮೆಯಲ್ಲಿ ಈ ಸಂಭವ ಹೆಚ್ಚು. ಇದು ಯಾರ ಪಾಪದ ಫಲವೂ ಅಲ್ಲ, ಗ್ರಹಣ ನೋಡಿದ್ದರಿಂದ ಬಂದದ್ದೂ ಅಲ್ಲ.

ಇಲ್ಲಿ ಅವಸರ ಬೇಕಾದ ಒಂದು ಕೆಲಸವಿದೆ. ಇಂಥ ಕೆಲವು ಕೂಸುಗಳ ಮೈಯಿಂದ ಉಪ್ಪಿನಂಶ ಹರಿದುಹೋಗುತ್ತದೆ. ಹುಟ್ಟಿ ಒಂದರಿಂದ ಮೂರು ವಾರದೊಳಗೆ ವಾಂತಿ ಶುರುವಾಗಿ, ಮಂಕಾಗಿ, ಪ್ರಾಣವೇ ಹೋಗಬಹುದು. ಕೂಸು ಗಂಡಾಗಿದ್ದರೆ ಹೊರಗೆ ಯಾವ ಗುರುತೂ ಕಾಣುವುದಿಲ್ಲ. ಮನೆಯವರು ದೃಷ್ಟಿ ತೆಗೆಯುತ್ತಾ ಕೂಡುತ್ತಾರೆ. ರಕ್ತ ಪರೀಕ್ಷೆಯಿಂದ ಇದು ಗೊತ್ತಾಗುತ್ತದೆ. ದಿನಾ ಗುಳಿಗೆ ಕೊಟ್ಟರೆ ಕೂಸು ಬದುಕುತ್ತದೆ, ಬೆಳೆಯುತ್ತದೆ, ಶಾಲೆಗೆ ಹೋಗುತ್ತದೆ. ಆದ್ದರಿಂದ ಗುರುತು ಸ್ಪಷ್ಟವಿಲ್ಲದ ಕೂಸು ಹುಟ್ಟಿದರೆ ಮುಚ್ಚಿಡಬೇಡಿ. ಅದೇ ದಿನ ದವಾಖಾನೆಗೆ ತನ್ನಿ.

ಅವಸರ ಬೇಡವಾದದ್ದು ಶಸ್ತ್ರಕ್ರಿಯೆ. ಮೂತ್ರಕ್ಕೆ ತಡೆಯಿದ್ದರೆ, ಜೀವಕ್ಕೆ ಅಪಾಯವಿದ್ದರೆ ಮಾಡಲೇಬೇಕು. ಆದರೆ ನೋಡುವವರ ಕಣ್ಣಿಗೆ ಗಂಡಿನಂತೆ ಅಥವಾ ಹೆಣ್ಣಿನಂತೆ ಕಾಣಲಿ ಎಂದು ಮಾಡುವ ಶಸ್ತ್ರಕ್ರಿಯೆಯಿಂದ ಕೂಸಿನ ಕಾಯಿಲೆಯೇನೂ ವಾಸಿಯಾಗುವುದಿಲ್ಲ. ನಮ್ಮ ನಾಚಿಕೆ ಮುಚ್ಚುತ್ತದೆ, ಅಷ್ಟೆ. ಕತ್ತರಿಸಿದ ಮೇಲೆ ತಿರುಗಿ ಜೋಡಿಸಲು ಬರುವುದಿಲ್ಲ. ಬೆಳೆದ ಮೇಲೆ ಆ ಮಗು ‘ನಾನು ಇದಲ್ಲ’ ಎಂದರೆ ಏನು ಉತ್ತರ ಕೊಡುತ್ತೀರಿ?

ಇದು ಬರೀ ಹೆದರಿಕೆಯ ಮಾತಲ್ಲ. ಕೆನಡಾದ ವಿನಿಪೆಗ್ ನಗರದಲ್ಲಿ 1965ರಲ್ಲಿ ಅವಳಿ ಗಂಡು ಮಕ್ಕಳು ಹುಟ್ಟಿದರು. ಎಂಟು ತಿಂಗಳ ಕೂಸಿಗೆ ಮುಂದೊಗಲು ತೆಗೆಯುವಾಗ ಒಂದು ಮಗುವಿನ ಅಂಗವೇ ಸುಟ್ಟುಹೋಯಿತು. ಅಮೆರಿಕದ ಜಾನ್ ಮನಿ ಎಂಬ ಮನೋವಿಜ್ಞಾನಿ, ಗಂಡೋ ಹೆಣ್ಣೋ ಎಂಬುದು ಬೆಳೆಸುವ ರೀತಿಯಿಂದ ಬರುತ್ತದೆ, ಇದನ್ನು ಹೆಣ್ಣಾಗಿ ಬೆಳೆಸಿ ಎಂದರು. ಎರಡು ವರ್ಷ ತುಂಬುವ ಮೊದಲೇ ಶಸ್ತ್ರಕ್ರಿಯೆಯಾಯಿತು. ಬ್ರೆಂಡಾ ಎಂದು ಹೆಸರಿಟ್ಟರು, ಲಂಗ ತೊಡಿಸಿದರು. 1972ರಿಂದ ಅದನ್ನು ದೊಡ್ಡ ಯಶಸ್ಸೆಂದು ಬರೆದದ್ದೂ ಆಯಿತು. ಮಗು ಮಾತ್ರ ಒಂದು ದಿನವೂ ಅದನ್ನು ಒಪ್ಪಲಿಲ್ಲ. 1980ರಲ್ಲಿ ನಿಜ ತಿಳಿದ ಕೂಡಲೆ ಗಂಡಾಗಿ ಬದುಕುತ್ತೇನೆಂದು ಡೇವಿಡ್ ಎಂದು ಹೆಸರು ಬದಲಿಸಿಕೊಂಡ. ಬೇರೆ ಮಕ್ಕಳಿಗೆ ಹೀಗಾಗಬಾರದೆಂದು ಮುಂದೆ ತಾನೇ ಲೋಕದ ಮುಂದೆ ಬಂದು ಹೇಳಿದ. 2004ರಲ್ಲಿ, 38ನೆಯ ವಯಸ್ಸಿನಲ್ಲಿ ತನ್ನ ಪ್ರಾಣ ತಾನೇ ತೆಗೆದುಕೊಂಡ.

ಇದರಲ್ಲಿ ನಮಗೆ ಎರಡು ಪಾಠಗಳಿವೆ. ಮಗುವನ್ನು ಕೇಳದೆ ಅದರ ಮೈಯನ್ನು ತಿದ್ದಬಾರದು ಎಂಬುದು ಒಂದು. ಹೊರಗಿನಿಂದ ಎಷ್ಟು ಒತ್ತಿದರೂ ಒಳಗಿನ ಅರಿವು ಬದಲಾಗುವುದಿಲ್ಲ ಎಂಬುದು ಇನ್ನೊಂದು. ಮಗನನ್ನು ಹೊಡೆದು ಗಂಡಸು ಮಾಡುತ್ತೇನೆನ್ನುವ ಅಪ್ಪಂದಿರು ಎರಡನೆಯದನ್ನು ನೆನಪಿಡಬೇಕು.

ನಮ್ಮ ನೆರೆಯಲ್ಲೇ ನ್ಯಾಯಾಲಯ ಈ ಮಾತನ್ನು ಎತ್ತಿಹಿಡಿದಿದೆ. ಮದ್ರಾಸ್ ಹೈಕೋರ್ಟಿನ ಮಧುರೈ ಪೀಠದ ನ್ಯಾಯಮೂರ್ತಿ ಜಿ.ಆರ್. ಸ್ವಾಮಿನಾಥನ್ ಅವರು 2019ರ ಏಪ್ರಿಲ್‌ನಲ್ಲಿ, ಅಂತರಲಿಂಗಿ ಕೂಸುಗಳ ಮೇಲೆ ಇಂಥ ಶಸ್ತ್ರಕ್ರಿಯೆ ನಿಲ್ಲಿಸಬೇಕೆಂದರು. ಅದೇ ವರ್ಷ ತಮಿಳುನಾಡು ಸರ್ಕಾರ ಜೀವಾಪಾಯದ ಸಂದರ್ಭ ಬಿಟ್ಟು ಉಳಿದುದನ್ನು ನಿಷೇಧಿಸಿತು. ಬೇರೆ ರಾಜ್ಯಗಳೂ ಆ ದಾರಿ ಹಿಡಿಯಬೇಕು.

ಇನ್ನು ಬೆಳೆದ ಮಕ್ಕಳ ಮಾತು. ಮಗ ಹೆಣ್ಣಿನಂತೆ ನಡೆದರೆ ನಮ್ಮ ಕಡೆ ಮೂರು ದಾರಿ ಹಿಡಿಯುತ್ತಾರೆ: ಹೊಡೆಯುವುದು, ಲಗ್ನ ಮಾಡುವುದು, ಮುತ್ತು ಕಟ್ಟಿಸುವುದು.

ಹೊಡೆತದಿಂದ ಮಗು ಮನೆ ಬಿಡುತ್ತದೆ. ಲಗ್ನದಿಂದ ಏನೂ ತಿಳಿಯದ ಇನ್ನೊಬ್ಬರ ಮಗಳ ಬಾಳೂ ಹಾಳಾಗುತ್ತದೆ. ಮುತ್ತು ಕಟ್ಟಿಸಿದರೆ ‘ಎಲ್ಲಮ್ಮ ಮೈಮೇಲೆ ಬಂದಾಳ’ ಎಂದು ಮನೆಯ ಮಾನ ಉಳಿಯುತ್ತದೆ, ಮಗು ಜೋಗಪ್ಪನಾಗಿ ಪಡ್ಡಲಗಿ ಹೊತ್ತು ಬೇಡುತ್ತಾ ಬೀದಿ ಪಾಲಾಗುತ್ತದೆ. ಜೋಗಪ್ಪಗಳನ್ನು ನಾನು ಹೀಗಳೆಯುವುದಿಲ್ಲ. ಯಾರೂ ಜಾಗ ಕೊಡದ ಕಾಲದಲ್ಲಿ ಆ ಪರಂಪರೆ ಒಂದು ನೆರಳು ಕೊಟ್ಟಿತು. ಬಳ್ಳಾರಿ ಸೀಮೆಯ ಮಂಜಮ್ಮ ಜೋಗತಿಯವರಿಗೂ ಹದಿಹರೆಯದಲ್ಲೇ ಹುಲಿಗಿಯಲ್ಲಿ ದೀಕ್ಷೆಯಾಯಿತು. ಮನೆಯ ಬಾಗಿಲು ಮುಚ್ಚಿತು. ಅವರು ಜೋಗತಿ ನೃತ್ಯ ಕಲಿತು, 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾಗಿ, 2021ರಲ್ಲಿ ಪದ್ಮಶ್ರೀ ಪಡೆದರು. ಅದು ಅವರ ಎದೆಗಾರಿಕೆ. ಆದರೆ ಒಬ್ಬ ಮಂಜಮ್ಮನವರನ್ನು ತೋರಿಸಿ, ದಾರಿಯಲ್ಲೇ ಕಳೆದುಹೋದ ಮಕ್ಕಳನ್ನು ಮರೆಯಬಾರದು. 1982ರ ದೇವದಾಸಿ ನಿಷೇಧ ಕಾಯ್ದೆ ಹೆಣ್ಣನ್ನು ದೇವರಿಗೆ ಬಿಡುವುದನ್ನು ಅಪರಾಧ ಎಂದಿತು. ಗಂಡು ಹುಡುಗನನ್ನು ಬಿಡುವ ಮಾತು ಅದರಲ್ಲಿ ಇರಲಿಲ್ಲ.

ನಮ್ಮ ರಾಯಚೂರು 1948ರ ತನಕ ನಿಜಾಮರ ರಾಜ್ಯದಲ್ಲಿತ್ತು. ಆ ಸರ್ಕಾರ 1919ರಲ್ಲಿ ಒಂದು ಕಾಯ್ದೆ ಮಾಡಿ, ಇಂಥವರ ಹೆಸರನ್ನು ದಫ್ತರದಲ್ಲಿ ಬರೆದಿಡಬೇಕು, ಹಾಗೆ ದಾಖಲಾದವರು ಹೆಣ್ಣುಡುಗೆ ಉಟ್ಟು ಬೀದಿಯಲ್ಲಿ ಹಾಡಿ ಕುಣಿದರೆ ವಾರಂಟಿಲ್ಲದೆ ಹಿಡಿಯಬಹುದು ಎಂದಿತು. ತೆಲಂಗಾಣ ಹೈಕೋರ್ಟು ಅದನ್ನು ರದ್ದು ಮಾಡಿದ್ದು 2023ರಲ್ಲಿ. ಒಂದು ಶತಮಾನ ಅವರನ್ನು ಕಳ್ಳರ ಸಾಲಿನಲ್ಲಿ ನಿಲ್ಲಿಸಿದೆವು. ಮಕ್ಕಳು ಹೆದರಿ ಊರು ಬಿಟ್ಟರೆ ಆಶ್ಚರ್ಯವೇನು?

ಹೀಗೆ ಊರು ಬಿಟ್ಟ ಮಕ್ಕಳು ಇನ್ನೊಂದು ಅವಸರಕ್ಕೆ ಸಿಗುತ್ತಾರೆ. ಅಂಗಡಿಯಲ್ಲಿ ಚೀಟಿಯಿಲ್ಲದೆ ಹಾರ್ಮೋನು ಗುಳಿಗೆ ಕೊಂಡು ನುಂಗುತ್ತಾರೆ. ವೈದ್ಯರಲ್ಲದವರ ಕೈಯಲ್ಲಿ ಗುಟ್ಟಾಗಿ ಕೊಯ್ಯಿಸಿಕೊಂಡು, ರಕ್ತ ನಿಲ್ಲದೆ, ಕೀವಾಗಿ, ಮೂತ್ರ ಕಟ್ಟಿ ಬಳಲುತ್ತಾರೆ. ಮನೆಯವರು ಹೊರಗೆ ದಬ್ಬಿದ ಅವಸರವೂ ಅವರನ್ನು ಅಲ್ಲಿಗೇ ಮುಟ್ಟಿಸಿತು.

ಹಾಗಾದರೆ ಎಳೆಯರಿಗೆ ವೈದ್ಯರು ಏನು ಮಾಡಬೇಕು? ಇದರಲ್ಲಿ ಲೋಕದ ವೈದ್ಯರೆಲ್ಲ ಒಂದೇ ಮಾತಿನವರಲ್ಲ. ಹರೆಯದ ಬದಲಾವಣೆಗಳನ್ನು ತಡೆಯುವ ಔಷಧಿ ಬಗ್ಗೆ ಇಂಗ್ಲೆಂಡಿನ ಹಿಲರಿ ಕ್ಯಾಸ್ ಎಂಬ ಮಕ್ಕಳ ವೈದ್ಯೆ 2024ರಲ್ಲಿ ದೊಡ್ಡ ವರದಿ ಕೊಟ್ಟರು. ಆಧಾರಗಳು ದುರ್ಬಲವಾಗಿವೆ, ಜಾಗ್ರತೆ ಬೇಕು ಎಂದರು. ಅಮೆರಿಕದ ಮಕ್ಕಳ ವೈದ್ಯರ ಸಂಘ, ಅಂಥ ಆರೈಕೆಯ ಬಾಗಿಲು ಮುಚ್ಚಬಾರದು ಎಂದಿತ್ತು. ನನ್ನ ನಿಲುವು ಇಷ್ಟು: ಹದಿನೆಂಟು ತುಂಬುವ ತನಕ ಶಸ್ತ್ರಕ್ರಿಯೆ ಬೇಡ. ಔಷಧಿಯನ್ನು ಹಾರ್ಮೋನು ತಜ್ಞರು, ಮನೋವೈದ್ಯರು ಇಬ್ಬರೂ ಕೂಡಿ ನೋಡದೆ ಮುಟ್ಟಬೇಡಿ. ಮಗುವಿನ ಮಾತನ್ನು ಮಾತ್ರ ಮೊದಲ ದಿನದಿಂದಲೇ ಕೇಳಿ. ಎಳವೆಯಲ್ಲಿ ಸೀರೆ ಸುತ್ತಿಕೊಂಡವರೆಲ್ಲ ಮುಂದೆ ಹೆಣ್ಣಾಗಿಯೇ ಬದುಕುವುದಿಲ್ಲ. ಕೆಲವರು ಖಂಡಿತ ಹಾಗೇ ಬದುಕುತ್ತಾರೆ. ಯಾರು ಯಾವ ಕಡೆ ಎಂದು ತೀರ್ಮಾನಿಸುವ ಕೆಲಸ ನಮ್ಮದಲ್ಲ. ದಾರಿ ತಿಳಿಯುವ ತನಕ ಅವರ ಜೊತೆಗಿರುವುದು ನಮ್ಮ ಕೆಲಸ.

“ಮನಸ್ಸನ್ನೇ ತಿರುಗಿಸಿಬಿಡ್ರಿ” ಎಂದು ಕೇಳುವವರೂ ಇದ್ದಾರೆ. ಹಾಗೆ ತಿರುಗಿಸುತ್ತೇನೆಂದು ಚಿಕಿತ್ಸೆ ಕೊಡುವುದು ವೈದ್ಯರ ದುರ್ನಡತೆ ಎಂದು ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲಿ ಹೇಳಿದೆ. ಇನ್ನು ಪ್ರಾಯಕ್ಕೆ ಬಂದವರ ವಿಷಯದಲ್ಲಿ ಸುಪ್ರೀಂ ಕೋರ್ಟು 2014ರ ಏಪ್ರಿಲ್ 15ರಂದು ನಾಲ್ಸಾ ಪ್ರಕರಣದಲ್ಲಿ, ತಾನು ಯಾರೆಂದು ಹೇಳುವ ಹಕ್ಕು ಅವರದೇ, ಅದಕ್ಕಾಗಿ ಶಸ್ತ್ರಕ್ರಿಯೆ ಮಾಡಿಸಿಕೊಳ್ಳಬೇಕೆಂದು ಒತ್ತಾಯಿಸುವಂತಿಲ್ಲ ಎಂದಿತು. ಅಂದರೆ ಮಾಡಿಸಿಕೊಳ್ಳುವ, ಮಾಡಿಸಿಕೊಳ್ಳದೆ ಇರುವ ನಿರ್ಧಾರಗಳೆರಡೂ ಅವರವು.

ಇಲ್ಲಿ ಹಿರಿಯರೊಬ್ಬರು ನನ್ನನ್ನು ಮೊದಲೇ ಕೇಳಿದರು: “ಶಿವ ಕೊಟ್ಟ ಮೈಯನ್ನು ಕೊಯ್ಯುವುದು ತಪ್ಪಲ್ಲವೇನಮ್ಮ?” ಸೀಳುತುಟಿಯನ್ನು ಹೊಲಿಯುತ್ತೇವೆ, ಕಣ್ಣಿನ ಪೊರೆ ತೆಗೆಯುತ್ತೇವೆ, ತಪ್ಪೆನ್ನುವುದಿಲ್ಲ. ಪ್ರಶ್ನೆ ಕೊಯ್ಯುವುದರದಲ್ಲ. ಯಾರ ಮೈ, ಯಾರ ಒಪ್ಪಿಗೆ, ಯಾರ ನೋವು ಕಳೆಯಲು ಎಂಬುದು ಪ್ರಶ್ನೆ. ತಿಳಿದ ವಯಸ್ಸಿನವರು, ತಿಳಿದವರನ್ನು ಕೇಳಿ, ತಮ್ಮ ಸಂಕಟ ಕಳೆದುಕೊಂಡರೆ ನಾನು ತಪ್ಪೆನ್ನಲಾರೆ. ಮಾತು ಬಾರದ ಕೂಸಿನ ಮೈಯನ್ನು ನಮ್ಮ ನಾಚಿಕೆಗಾಗಿ ಕೊಯ್ದರೆ ತಪ್ಪೆಂದೇ ಹೇಳುತ್ತೇನೆ.

ಶರಣರೆ, ಈ ವಿಷಯದಲ್ಲಿ ನಮಗೆ ಹೊರಗಿನವರು ಪಾಠ ಹೇಳಬೇಕಾಗಿಲ್ಲ. ನಮ್ಮಲ್ಲಿ ಗರ್ಭದಲ್ಲಿರುವ ಕೂಸಿಗೇ ಲಿಂಗಧಾರಣೆ ಮಾಡುವ ಸಂಪ್ರದಾಯವಿದೆ. ತಾಯಿಯ ಬಸಿರಿನಲ್ಲಿರುವುದು ಗಂಡೋ ಹೆಣ್ಣೋ ಎಂದು ಆಗ ಯಾರು ಕೇಳುತ್ತಾರೆ? ಲೋಕ ಒಂದು ಗುರುತು ಹಚ್ಚುವ ಮೊದಲೇ ಇಷ್ಟಲಿಂಗ ಬಂದಿರುತ್ತದೆ. ಅಕ್ಕ ನಾಗಮ್ಮನಿಗೆ ಇಲ್ಲದ ಜನಿವಾರ ತನಗೂ ಬೇಡವೆಂದು ಬಸವಣ್ಣನವರು ಮನೆ ಬಿಟ್ಟ ಕತೆ ನಮ್ಮ ಮಕ್ಕಳಿಗೂ ಗೊತ್ತು. ಲೋಕ ಮೈಯ ಗುರುತು ನೋಡಿ ಗಂಡು ಹೆಣ್ಣೆಂದು ಹೆಸರಿಡುತ್ತದೆ, ಒಳಗಿರುವ ಆತ್ಮಕ್ಕೆ ಆ ಹೆಸರು ತಾಗುವುದಿಲ್ಲವೆಂದು ಜೇಡರ ದಾಸಿಮಯ್ಯನವರು ಕಂಡಿದ್ದರು. ಆ ವಚನವನ್ನು ಪ್ರಾರ್ಥನೆಯಲ್ಲಿ ಹಾಡಿ, ಆಚೆ ಬಂದು ನಿಂತ ಮಂಗಳಮುಖಿಯನ್ನು ‘ಮುಂದಕ್ಕೆ ಹೋಗು’ ಎಂದರೆ ಹಾಡಿದ್ದು ಬಾಯಿಪಾಠವಾಯಿತು.

ಆದ್ದರಿಂದ ಪೂಜ್ಯರಲ್ಲಿ, ನಿಮ್ಮಲ್ಲಿ ನನ್ನ ಬಿನ್ನಹ. ಲಿಂಗದೀಕ್ಷೆ ಕೇಳಿ ಬಂದವರನ್ನು ಗಂಡೋ ಹೆಣ್ಣೋ ಎಂದು ವಿಚಾರಿಸಿ ಹಿಂದೆ ಕಳಿಸಬೇಡಿ. ನಮ್ಮ ಮಠಗಳ ಶಾಲೆ, ಪ್ರಸಾದನಿಲಯಗಳಲ್ಲಿ ಇಂಥ ಮಗು ಇದ್ದರೆ ಅದು ಅಪಹಾಸ್ಯವಿಲ್ಲದೆ ಉಣ್ಣಲು, ಮಲಗಲು, ಓದಲು ಒಂದು ಏರ್ಪಾಡು ಮಾಡಿ. ಓದಿದರೆ ಏನಾಗುತ್ತದೆಂದು ನಮ್ಮ ಜಿಲ್ಲೆಯೇ ತೋರಿಸಿದೆ. 2021ರಲ್ಲಿ ಕರ್ನಾಟಕ ಸರ್ಕಾರಿ ನೌಕರಿಯಲ್ಲಿ ಅವರಿಗೆ ಶೇಕಡಾ 1 ಮೀಸಲಾತಿ ಕೊಟ್ಟಿತು. ಮರುವರ್ಷದ ಶಿಕ್ಷಕರ ನೇಮಕಾತಿ ಪಟ್ಟಿಯಲ್ಲಿ ಮೂವರ ಹೆಸರು ಬಂತು. ಅವರಲ್ಲಿ ಒಬ್ಬರು ನಮ್ಮ ಮಾನ್ವಿ ತಾಲೂಕಿನವರು. ಬೇಡುವ ಕೈಗೆ ಕಾಯಕ ಸಿಕ್ಕಿತು. ಬಸವಣ್ಣನವರು ಕಟ್ಟಬಯಸಿದ ಸಮಾಜ ಇದೇ ಅಲ್ಲವೆ?

ಸರ್ಕಾರಕ್ಕೂ ಒಂದು ಮಾತು. ಏಮ್ಸ್ ಬೇಕೆಂದು ರಾಯಚೂರಿನ ಜನ 2022ರಿಂದ ಧರಣಿ ಹೂಡಿದರು. ಗುರುತು ಸ್ಪಷ್ಟವಿಲ್ಲದ ಕೂಸನ್ನು ಎತ್ತಿಕೊಂಡು ಬಾಣಂತಿ ಹೈದರಾಬಾದಿಗೋ ಬೆಂಗಳೂರಿಗೋ ಓಡುವ ಕಷ್ಟವೂ ಆ ಬೇಡಿಕೆಯೊಳಗಿದೆ. ಮಕ್ಕಳ ಹಾರ್ಮೋನು ತಜ್ಞರು ಈ ಜಿಲ್ಲೆಗೆ ಬೇಕು.

ಕೊನೆಗೆ ತಂದೆ ತಾಯಂದಿರಿಗೆ. 2019ರಲ್ಲಿ ಬಂದ ಕಾಯ್ದೆ, ಇಂಥ ಮಗುವನ್ನು ಆ ಕಾರಣಕ್ಕಾಗಿ ತಂದೆ ತಾಯಿಯಿಂದ ಅಗಲಿಸಬಾರದು, ಮನೆಯಲ್ಲಿ ಇರುವ ಹಕ್ಕು ಅದಕ್ಕಿದೆ ಎಂದು ಬರೆಯಿತು. ಮಗು ತನ್ನ ಮನೆಯಲ್ಲಿ ಇರಲಿಕ್ಕೂ ಕಾಯ್ದೆ ಬೇಕಾಯಿತಲ್ಲ! ನಾಳೆ ನಿಮ್ಮ ಮಗನೋ ಮಗಳೋ ಎದುರು ಕೂತು, ತಡವರಿಸುತ್ತಾ, ಇಂಥ ಮಾತು ಹೇಳಬಹುದು. ಉತ್ತರ ಗೊತ್ತಿಲ್ಲದಿದ್ದರೂ ಚಿಂತೆಯಿಲ್ಲ. “ಹೇಳಿದ್ದು ಚಲೋ ಆತು. ಮೊದಲು ಊಟ ಮಾಡು, ಉಳಿದದ್ದು ಕೂಡಿ ನೋಡೋಣು” ಎನ್ನಿ. ಅಷ್ಟು ಅಂದರೆ ಆ ಮಗು ಆ ರಾತ್ರಿ ಊರು ಬಿಡುವುದಿಲ್ಲ.