ಗೋಡೆಯಾಚೆ ನಿಂತು ಭೂಮಿಯನ್ನು ತೂಗಿದ ಮೌನಿ

ವಿಲಕ್ಷಣ ಸ್ವಭಾವದವರ ಕಥೆ ಕೇಳಿ ನಕ್ಕು ಮರೆತುಬಿಡುವುದು ಸುಲಭ. ಆದರೆ ವಿಜ್ಞಾನಿ ಹೆನ್ರಿ ಕ್ಯಾವೆಂಡಿಶ್‌ನ ವಿಷಯದಲ್ಲಿ ಹಾಗೆ ಮರೆತರೆ ನಷ್ಟ ನಮ್ಮದೇ.

1731ರಲ್ಲಿ ಜನಿಸಿದ ಈತ ಇಂಗ್ಲೆಂಡಿನ ಡ್ಯೂಕ್ ಮನೆತನದ ಕುಡಿ, ಅಪಾರ ಶ್ರೀಮಂತ. ತೊಡುತ್ತಿದ್ದುದು ಮಾತ್ರ ಹಳೇ ಕಾಲದ, ಬಣ್ಣ ಮಾಸಿದ ಕೋಟು. ಹೆಂಗಸರನ್ನು ಕಂಡರೆ ವಿಪರೀತ ಸಂಕೋಚ. ರಾತ್ರಿಯ ಊಟಕ್ಕೆ ಏನು ಬೇಕೆಂಬುದನ್ನೂ ಚೀಟಿ ಬರೆದಿಟ್ಟು ಮನೆಗೆಲಸದಾಕೆಗೆ ತಿಳಿಸುತ್ತಿದ್ದ. ಆದರೂ ಲಂಡನ್ನಿನ ರಾಯಲ್ ಸೊಸೈಟಿಯ ಸದಸ್ಯರು ಕೂಡುತ್ತಿದ್ದ ಭೋಜನಕೂಟಗಳಿಗೆ ತಪ್ಪದೆ ಹೋಗುತ್ತಿದ್ದ. ಅವನ ಅಭಿಪ್ರಾಯ ಬೇಕಾದವರು ಅಲ್ಲೊಂದು ಉಪಾಯ ಕಂಡುಕೊಂಡಿದ್ದರು: ನೇರ ಮುಖ ನೋಡಬಾರದು, ಪಕ್ಕದಲ್ಲಿ ಸುಮ್ಮನೆ ನಿಂತು, ಗಾಳಿಗೆ ಹೇಳಿದಂತೆ ಪ್ರಶ್ನೆ ಕೇಳಬೇಕು. ವಿಷಯ ಹಿಡಿಸಿದರೆ ಉತ್ತರ ಬರುತ್ತಿತ್ತು.

ಇದೇ ಮನುಷ್ಯ 1766ರಲ್ಲಿ ಹೈಡ್ರೋಜನ್ ಒಂದು ಪ್ರತ್ಯೇಕ ಅನಿಲವೆಂದು ತೋರಿಸಿಕೊಟ್ಟ. ಅರವತ್ತು ದಾಟಿದ ಮೇಲೆ ಭೂಮಿಯ ಸಾಂದ್ರತೆ ಅಳೆಯಲು ಹೊರಟ. ಅದಕ್ಕೆ ನೆರವಾದದ್ದು ವಿಜ್ಞಾನಿ ಜಾನ್ ಮಿಚೆಲ್ ರೂಪಿಸಿ, ಬಳಸುವ ಮೊದಲೇ ತೀರಿಕೊಂಡಿದ್ದ ಉಪಕರಣ. ಸಪೂರ ತಂತಿಯಿಂದ ತೂಗುಬಿಟ್ಟ ಸುಮಾರು ಆರಡಿಯ ಮರದ ದಂಡ, ಅದರ ಎರಡು ತುದಿಗಳಲ್ಲಿ ಪುಟ್ಟ ಸೀಸದ ಗುಂಡುಗಳು. ಅವುಗಳ ಸಮೀಪಕ್ಕೆ ತಲಾ 158 ಕಿಲೋ ತೂಕದ ದೊಡ್ಡ ಗುಂಡುಗಳನ್ನು ತಂದರೆ, ಗುರುತ್ವಾಕರ್ಷಣೆಯಿಂದ ದಂಡ ಕೂದಲೆಳೆಯಷ್ಟು ತಿರುಗಬೇಕು. ಮನುಷ್ಯನ ಮೈಶಾಖಕ್ಕೆ ಗಾಳಿ ಅಲುಗಿದರೂ ಲೆಕ್ಕ ಕೆಡುತ್ತದೆ. ಆದ್ದರಿಂದ ಆತ ಕೋಣೆಯನ್ನು ಭದ್ರವಾಗಿ ಮುಚ್ಚಿ, ಹೊರಗಿನಿಂದಲೇ ಗುಂಡುಗಳನ್ನು ಸರಿಸಿ, ಗೋಡೆಯ ರಂಧ್ರಕ್ಕೆ ದೂರದರ್ಶಕ ಹೂಡಿ ಗಂಟೆಗಟ್ಟಲೆ ಕಾದ. 1798ರಲ್ಲಿ ಪ್ರಕಟಿಸಿದ ಉತ್ತರ: ಭೂಮಿಯ ಸಾಂದ್ರತೆ ನೀರಿನ 5.48 ಪಟ್ಟು. ಇಂದಿನ ಅಳತೆ 5.51. ಜನ ಗೀಳು ಎಂದ ಏಕಾಂತವೂ ಅತಿಯಾದ ಎಚ್ಚರವೂ ಇಲ್ಲಿ ವಿಜ್ಞಾನಿಯ ಶಿಸ್ತಾಗಿ ಒದಗಿಬಂದವು.

ಇದೇ ಸ್ವಭಾವಕ್ಕೆ ತೆತ್ತ ಬೆಲೆಯೂ ದೊಡ್ಡದು. ವಿದ್ಯುತ್ ಪ್ರವಾಹದ ಬಲವನ್ನು ತನ್ನ ಮೈಗೇ ಶಾಕ್ ಹೊಡೆಸಿಕೊಂಡು ಅಂದಾಜು ಮಾಡುತ್ತಿದ್ದ ಈತ, ಮುಂದೆ ಕೂಲಂ ಮತ್ತು ಓಮ್ ಹೆಸರಿನಲ್ಲಿ ಪ್ರಸಿದ್ಧವಾದ ನಿಯಮಗಳನ್ನು ಅವರಿಗಿಂತ ಮೊದಲೇ ಕಂಡುಕೊಂಡಿದ್ದ. ಆದರೆ ಪ್ರಕಟಿಸಲಿಲ್ಲ. 1810ರಲ್ಲಿ ಆತ ತೀರಿಕೊಂಡ. ವಿದ್ಯುತ್ತಿನ ಕುರಿತ ಆ ಹಸ್ತಪ್ರತಿಗಳನ್ನು ಜೇಮ್ಸ್ ಕ್ಲರ್ಕ್ ಮ್ಯಾಕ್ಸ್‌ವೆಲ್ ಸಂಪಾದಿಸಿ ಅಚ್ಚು ಹಾಕಿಸಿದ್ದು 1879ರಲ್ಲಿ. ಅಷ್ಟರಲ್ಲಿ ಬೇರೆಯವರು ಅದೇ ದಾರಿಯನ್ನು ಮೊದಲಿನಿಂದ ಸವೆಸಿ ಆಗಿತ್ತು.

ಆ ಭೋಜನಕೂಟದ ಗೆಳೆಯರ ಸೌಜನ್ಯ ನನಗೆ ಬಹಳ ದೊಡ್ಡದಾಗಿ ಕಾಣುತ್ತದೆ. ಅವನನ್ನು ತಿದ್ದಲು ಹೋಗದೆ, ತಾವು ಮಾತಾಡುವ ರೀತಿಯನ್ನೇ ಬದಲಿಸಿಕೊಂಡರು. ನಾವು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಬೇಕು. ನಮ್ಮ ತರಗತಿಗಳಲ್ಲಿ, ಕಚೇರಿಗಳಲ್ಲಿ, ಮನೆಗಳಲ್ಲಿ ಬಾಯಿಬಿಡದ ಇಂಥವರು ಇದ್ದೇ ಇರುತ್ತಾರೆ. ಅವರನ್ನು ವೇದಿಕೆಗೆ ಎಳೆಯುವುದು ಬೇಡ. ಅವರು ಬರೆದಿಟ್ಟದ್ದನ್ನು ಅಕ್ಕರೆಯಿಂದ ಕೇಳಿ ಪಡೆಯೋಣ, ಓದೋಣ, ಅವರು ಒಪ್ಪಿದರೆ ಅವರ ಹೆಸರಿನಲ್ಲೇ ನಾಲ್ಕು ಜನರಿಗೆ ತಲುಪಿಸೋಣ.