ಚಿಕ್ಕಮಗಳ ಊರಿನಲ್ಲಿ ಹೆಣ್ಣುಮಕ್ಕಳ ಪಾಲು



ನಾವು ನೆರೆದಿರುವ ಊರಿನ ಹೆಸರೇ ಇಂದಿನ ವಿಷಯಕ್ಕೆ ಪೀಠಿಕೆಯಾಗಿದೆ. ಸಖರಾಯಪಟ್ಟಣದ ರುಕ್ಮಾಂಗದನು ಕಿರಿಯ ಮಗಳಿಗೆ ಬಳುವಳಿಯಾಗಿ ಇತ್ತುದರಿಂದ ಇದು ಚಿಕ್ಕಮಗಳೂರಾಯಿತೆಂದು ಐತಿಹ್ಯವುಂಟು. ಮಗಳಿಗೆ ಊರನ್ನೇ ಕೊಟ್ಟ ನಾಡೆಂದು ಹಿಗ್ಗುವ ಮುನ್ನ ಒಂದು ಮಾತನ್ನು ವಿಚಾರಿಸಬೇಕು. ಬಳುವಳಿಯು ತಂದೆಯ ಪ್ರೀತಿ. ಪಾಲು ಮಗಳ ಹಕ್ಕು. ಇವೆರಡೂ ಒಂದೇ ಅಲ್ಲ.

ಸ್ತ್ರೀಯರ ಹಕ್ಕೆಂಬುದು ಹಡಗಿನಲ್ಲಿ ಬಂದ ಸರಕೆಂದು ಹಲವರು ಭಾವಿಸಿರುವರು. ಇಂಗ್ಲೆಂಡಿನ ಮೇರಿ ವುಲ್‌ಸ್ಟನ್‌ಕ್ರಾಫ್ಟ್ ತನ್ನ ಗ್ರಂಥವನ್ನು ಪ್ರಕಟಿಸಿದುದು 1792ರಲ್ಲಿ. ವಿದ್ಯೆಯನ್ನು ಕೊಡದೆ ಬೆಳೆಸಿ, ಬಳಿಕ ಬುದ್ಧಿಯಿಲ್ಲವೆಂದು ಹಳಿಯುವುದು ಅನ್ಯಾಯವೆಂಬುದು ಆಕೆಯ ವಾದದ ತಿರುಳು. ಅದಕ್ಕೆ ಸುಮಾರು ನೂರು ವರ್ಷ ಮೊದಲೇ, ಚಿಕ್ಕದೇವರಾಜ ಒಡೆಯರ (1672–1704) ಅರಮನೆಯಲ್ಲಿದ್ದ ಸಂಚಿಯ ಹೊನ್ನಮ್ಮನು ‘ಹದಿಬದೆಯ ಧರ್ಮ’ದಲ್ಲಿ ಹೆಣ್ಣನ್ನು ಹೀಗಳೆಯುವವರ ವಿವೇಕವನ್ನು ಪ್ರಶ್ನಿಸಿದ್ದಳು. 12ನೆಯ ಶತಮಾನದ ಶರಣರಾದರೋ ಆತ್ಮಕ್ಕೆ ಹೆಣ್ಣು ಗಂಡೆಂಬ ಭೇದವಿಲ್ಲವೆಂದರು. ಅಕ್ಕಮಹಾದೇವಿಯು ಅದನ್ನು ಬಾಳಿ ತೋರಿಸಿದಳು. ಆದರೂ ಹೊನ್ನಮ್ಮನು ಪಾತಿವ್ರತ್ಯದ ಎಲ್ಲೆಯನ್ನು ಮೀರಲಿಲ್ಲ. ಶರಣರು ಆತ್ಮದಲ್ಲಿ ಕಂಡ ಸಮತೆಯು ಹೊಲಗದ್ದೆಗಳಿಗೆ ಇಳಿಯಲಿಲ್ಲ.

ನಮ್ಮ ಮಲೆಯನ್ನೇ ನೋಡಿರಿ. 13ನೆಯ ಶತಮಾನದಲ್ಲಿ ಕಳಸವನ್ನು ಜಾಕಲದೇವಿ, ಕಾಳಲದೇವಿ ಎಂಬ ರಾಣಿಯರು ಆಳಿದರು. ರಾಣಿಯು ಪಟ್ಟವೇರಿದ ಮಾತ್ರಕ್ಕೆ ಸಸಿ ನೆಟ್ಟವಳಿಗೆ ಗದ್ದೆ ದಕ್ಕೀತೆ? ಇಂದಿಗೂ ಮೂಡಿಗೆರೆಯ ತೋಟಗಳಲ್ಲಿ ಕಾಫಿ ಹಣ್ಣನ್ನು ಕೊಯ್ಯುವ ಕೈಗಳು ಬಹುಮಟ್ಟಿಗೆ ಹೆಂಗಸರವು. ಸಮಾನ ಕೆಲಸಕ್ಕೆ ಸಮಾನ ಕೂಲಿಯೆಂಬ ಶಾಸನ ಬಂದುದು 1976ರಲ್ಲಿ.

ಆಸ್ತಿಯ ವಿಷಯದಲ್ಲಿ ಮೈಸೂರು ಸಂಸ್ಥಾನವು 1933ರಲ್ಲಿಯೇ ಹಿಂದೂ ಸ್ತ್ರೀಯರ ಹಕ್ಕುಗಳ ಕಾಯಿದೆಯನ್ನು ಮಾಡಿತು. 1994ರಲ್ಲಿ ಜಾರಿಗೆ ಬಂದ ಕರ್ನಾಟಕದ ತಿದ್ದುಪಡಿಯು ಪಿತ್ರಾರ್ಜಿತದಲ್ಲಿ ಮಗಳಿಗೆ ಹುಟ್ಟಿನಿಂದಲೇ ಸಮಭಾಗವನ್ನಿತ್ತಿತು. ಆದರೆ ಅದಕ್ಕೆ ಮೊದಲೇ ಮದುವೆಯಾದವಳನ್ನು ಹೊರಗಿಟ್ಟಿತು. 2005ರ ಕೇಂದ್ರ ಶಾಸನವು ಆ ಬೇಲಿಯನ್ನೂ ಕಿತ್ತಿತು.

ಬೇಲಿ ಹೋದರೂ ಭಯ ಹೋಗಲಿಲ್ಲ. ಪಾಲು ಕೇಳಿದರೆ ತವರು ತಪ್ಪೀತೆಂದು ಅಂಜಿ, ಹಕ್ಕು ಬಿಡುಗಡೆಯ ಪತ್ರಕ್ಕೆ ರುಜು ಹಾಕುವ ಅಕ್ಕತಂಗಿಯರು ಇಂದಿಗೂ ಇದ್ದಾರೆ. ಅರಿಸಿನ ಕುಂಕುಮಕ್ಕೆಂದು ಒಂದಿಷ್ಟು ಹಣ, ಒಂದು ಸೀರೆ. ಅಲ್ಲಿಗೆ ಲೆಕ್ಕ ಮುಗಿಯಿತು! ಮನಸ್ಸು ಒಪ್ಪಿ ಬಿಡುವುದು ತ್ಯಾಗ. ಅಂಜಿಸಿ ಬಿಡಿಸಿಕೊಳ್ಳುವುದು ಅಪಹಾರ.

ಮಹಾಶಯರೇ, ಕಾಯಿದೆಯು ಕಚೇರಿಯ ಬಾಗಿಲನ್ನು ತೆರೆಯಬಲ್ಲುದು. ತವರಿನ ಬಾಗಿಲು ಅಣ್ಣತಮ್ಮಂದಿರ ಕೈಯಲ್ಲಿದೆ. ಶಾಲೆಯಲ್ಲಿ ಅಕ್ಕನ ವಚನಗಳನ್ನು ಕಲಿಸುವ ನಾವು, ಮನೆಯಲ್ಲಿ ಪಾಲುಪಟ್ಟಿ ಬರೆಯುವ ದಿನ ಒಡಹುಟ್ಟಿದ ಅಕ್ಕನ ಹೆಸರನ್ನು ಮರೆಯದಿರೋಣ.